ಹುಳದ ಸಮೇತ ಹಿಂಡಿದ ಜೇನು

ಜ್ವರ ಬಿಟ್ಟು ಅವಳು ಹಿತ್ತಿಲಿಗೆ ಕಾಲಿಟ್ಟಾಗ ಮೊದಲು ಮೂಗಿಗೆ ಬಡಿದದ್ದು ಹುಳಿ ವಾಸನೆ. ಅವಳ ಜೇನುಪೆಟ್ಟಿಗೆಗಳ ಮುಚ್ಚಳಗಳು ವಾರೆಯಾಗಿದ್ದವು. ಒಂದನ್ನು ಎತ್ತಿ ನೋಡಿದಳು. ಮೇಣದ ಎರಿ ಕಿತ್ತ ಗುರುತು ಮಾತ್ರ ಉಳಿದಿತ್ತು. ತಳದಲ್ಲಿ ಸತ್ತ ಹುಳಗಳಿಗೆ ಇರುವೆ ಮುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಭಾವನ ಅಂಗಡಿ. ಗಂಡನ ಅಣ್ಣ ಅಲ್ಲಿ ಕೂತು ಬಕೆಟ್ಟಿನಿಂದ ಬಾಟಲಿಗೆ ಜೇನು ತುಂಬುತ್ತಿದ್ದ. ಮೇಲೆಲ್ಲ ಬಿಳಿ ನೊರೆ. ನೊರೆಯಲ್ಲಿ ರೆಕ್ಕೆ, ಕಾಲು, ಹಾಲಿನಂಥ ಲೋಳೆ.

“ಮರಿಹುಳು ಇದ್ದ ಎರೀನೂ ಹಿಂಡಿದ್ರಾ, ಭಾವ?”

“ನೀನು ಹಾಸಿಗೆ ಹಿಡಿದಿದ್ದೆ. ಗಿರಾಕಿಗಳು ನನ್ನ ತಲೆ ತಿಂತಿದ್ರು. ಹುಳಾನೂ ಜೇನು ಕುಡಿದೇ ಬೆಳೆದಿರೋದು ತಾನೆ?” ಭಾವ ಹಲ್ಲುಕಿರಿದ. ಬೆರಳದ್ದಿ ನೆಕ್ಕಿದ. ಅದೇ ಬೆರಳನ್ನು ಮತ್ತೆ ಬಕೆಟ್ಟಿಗೆ ಇಳಿಸಿದ.

ಬಕೆಟ್ಟಿನ ಅಂಚಿಗೆ ನೇತುಬಿದ್ದಿದ್ದ ಸೋಸುವ ಬಟ್ಟೆ ಆಗ ಅವಳ ಕಣ್ಣಿಗೆ ಬಿತ್ತು. ಕಂಕುಳಲ್ಲಿ ಹಳದಿಗಟ್ಟಿದ ಬನಿಯನ್. ಅವಳ ಗಂಡನದು.

“ಇವರಿಗೂ ಗೊತ್ತಾ?”

“ಗೊತ್ತಿಲ್ದೆ ಏನು? ಅವನೇ ಬಟ್ಟೆ ಹಿಡ್ಕೊಂಡಿದ್ದ, ನಾನು ಹಿಂಡಿದೆ.”

ಅಷ್ಟರಲ್ಲಿ ಪಕ್ಕದ ಬೀದಿಯ ದರ್ಜಿಯಾಕೆ ಬಂದಳು. ಆಕೆಯ ಅತ್ತೆಯ ಕೆಮ್ಮಿಗೆ ಇನ್ನೊಂದು ಬಾಟಲಿ ಬೇಕಿತ್ತು. ಭಾವ ಬಾಟಲಿ ಒರೆಸಿ, “ಅಪ್ಪಟ ಜೇನು ಕಣಮ್ಮ” ಎಂದು ಚಾಚಿದ.

“ಬೇಡ ಅಕ್ಕ, ಮುಟ್ಟಬೇಡಿ. ಹುಳದ ಸಮೇತ ಹಿಂಡಿ ಬೆವರಿನ ಬನಿಯನ್‌ನಲ್ಲಿ ಸೋಸಿದ್ದಾರೆ.”

“ಮೊನ್ನೆ ಒಯ್ದಿದ್ದೂ ಇದೇನಾ?” ಉತ್ತರಕ್ಕೂ ಕಾಯದೆ ದರ್ಜಿ ಬಾಯಿ ಮುಚ್ಚಿಕೊಂಡು ಚರಂಡಿಯತ್ತ ಓಡಿದಳು.

“ಮನೆ ಮರ್ಯಾದೆ ಬೀದಿಗೆ ತಂದೆಯಲ್ಲೇ!” ಎಂದು ಭಾವ ಕೂಗಾಡಿದ. ಅವಳು ಬಕೆಟ್ಟನ್ನೂ ಬಾಟಲಿಗಳನ್ನೂ ಹಿತ್ತಿಲಿಗೆ ಹೊತ್ತೊಯ್ದು, ಗುಂಡಿ ತೋಡಿ, ಎಲ್ಲ ಸುರಿದು ಮಣ್ಣು ಮುಚ್ಚಿದಳು.

ಸಂಜೆ ಗಂಡ ಊಟಕ್ಕೆ ಕೂತ. “ಅಣ್ಣ ಏನೋ ಮಾಡಿದ, ಬಿಡು. ಇಷ್ಟಕ್ಕೆಲ್ಲ ರಂಪ ಯಾಕೆ?” ಅವನ ಉಗುರಿನ ಸಂದಿಯಲ್ಲಿ ಇನ್ನೂ ಮೇಣ ಕೂತಿತ್ತು. ಅವಳು ತನ್ನ ತಟ್ಟೆ ಎತ್ತಿಕೊಂಡು ಹಿತ್ತಿಲ ಮೆಟ್ಟಿಲಿಗೆ ಹೋದಳು.

ಎರಡು ಪೆಟ್ಟಿಗೆಯ ಹುಳಗಳು ಹಾರಿಹೋದವು. ಉಳಿದ ಪೆಟ್ಟಿಗೆಗಳನ್ನು ಅವಳು ದರ್ಜಿಯ ತಾರಸಿಗೆ ಸಾಗಿಸಿದಳು. ಅಲ್ಲಿ ಹುಳಗಳು ಹೊಸ ಎರಿ ಕಟ್ಟತೊಡಗಿದ ಮೇಲೆ ಗಂಡ ಒಂದು ದಿನ ಅವಳನ್ನು ಹುಡುಕಿಕೊಂಡು ಹತ್ತಿ ಬಂದ.

“ಅಣ್ಣ ಬೇಜಾರು ಮಾಡ್ಕೊಂಡಿದ್ದಾನೆ. ನೀನೇ ಒಂದು ಮಾತು ಸಾರಿ ಅಂದುಬಿಡು” ಎನ್ನುತ್ತ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ.

“ಕೈ ತೆಗೀರಿ!”

ಅವನು ಬೆಚ್ಚಿ ಹಿಂದೆ ಸರಿದ. ಅವಳು ಅವನು ಮುಟ್ಟಿದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಅವನೆದುರಿಗೇ.