ಚೀಟಿ ಕೆರೆದ ಡಬ್ಬಿ

ಕುರುಮಯ್ಯನ ಡಬ್ಬಿಯ ಮೇಲೆ ಹೆಸರಿನ ಚೀಟಿ ಇರಲಿಲ್ಲ. ಅದು ಕುರಿಗಳ ಮೈಗೆ ಹತ್ತಿದ ಉಣ್ಣೆಹುಳಕ್ಕೆಂದು ಮಕ್ತಲ್‌ನ ಅಂಗಡಿಯಲ್ಲಿ ಕೊಂಡ ಹೊಸ ಔಷಧಿಯ ಡಬ್ಬಿ. ಔಷಧಿ ಕಲಸಿದ ನೀರಿನಲ್ಲಿ ಕುರಿಗಳನ್ನು ಮೀಯಿಸಿದ ದಿನವೇ ಹೆಂಡತಿ ಪೆಂಟಮ್ಮ ಖಾಲಿ ಡಬ್ಬಿಯ ಚೀಟಿ ಕೆರೆದು, ತೊಳೆದು, ಅದರಲ್ಲಿ ಮನೆದೇವರು ಬೀರಪ್ಪನ ಭಂಡಾರದ ಅರಿಶಿನಪುಡಿ ತುಂಬಿಟ್ಟಳು. ಮೂರನೇ ದಿನ ಕುರಿಗಳು ಸಾಯತೊಡಗಿದವು.

ನಾರಾಯಣಪೇಟೆ ಜಿಲ್ಲೆಯಾದ ವರ್ಷ ಅದು. ಹೊಸ ರಾಸಾಯನಿಕಗಳ ನಿಯಮ ತಿದ್ದುವ ಮೊದಲು ಜನರ ಅಭಿಪ್ರಾಯ ಕೇಳಲು ಅಲ್ಲಿ ಸಭೆ ಕರೆದಿದ್ದರು. ಆ ಔಷಧಿಯ ಮಾರಾಟ ನಿಲ್ಲಿಸಿ ಎಂದು ಕೇಳಲು ಕುರುಮಯ್ಯ ಡಬ್ಬಿ ಹಿಡಿದು ಹೋದ.

"ಔಷಧಿ ಹೆಸರೇನು?" ಎಂದ ಅಧಿಕಾರಿ.

"ಚೀಟಿ ನನ್ನ ಹೇಣ್ತಿ ಕೆರೆದಾಳ್ರೀ ಸಾರ್. ಕೊಟ್ಟಾತ ಅಲ್ಲೇ ಕುಂತಾನ್ರೀ, ಕೇಳ್ರಿ."

ಮುಂದಿನ ಸಾಲಿನಲ್ಲಿದ್ದ ಅಂಗಡಿಯವನು ಮುಚ್ಚಳ ತೆಗೆದು ನೋಡಿ ನಕ್ಕ. "ನಾ ಇಪ್ಪತ್ತು ನಮೂನಿ ಮಾರ್ತೀನ್ರಿ. ಇದ್ರಾಗ ಭಂಡಾರ ಐತಿ. ಏನೋ ಕುರುಮಯ್ಯ, ಬೀರಪ್ಪನ ಮ್ಯಾಲೆ ಕೇಸ್ ಹಾಕ್ತೀಯೇನು?"

ಸಭೆ ನಕ್ಕಿತು. ಹೆಸರಿಲ್ಲದ ವಸ್ತುವಿನ ಮೇಲೆ ಆಕ್ಷೇಪ ಬರೆದುಕೊಳ್ಳಲಾಗದು ಎಂದು ಅಧಿಕಾರಿ ಮುಂದಿನವರನ್ನು ಕರೆದ. ಅಂಗಡಿ ಮರುದಿನವೂ ತೆರೆಯಿತು. ಗುಂಡುಮಾಲ್ ಎಂಬ ಊರಿನ ಕುರುಬರು ಅಲ್ಲಿ ಅದೇ ಔಷಧಿ ಕೊಂಡರು.

ಕುರುಮಯ್ಯನವು ಮೂವತ್ತೆಂಟು ಕುರಿ ಸತ್ತಿದ್ದವು. ಗುಂಡುಮಾಲ್‌ನಲ್ಲಿ ನೂರಾ ಹನ್ನೆರಡು ಸತ್ತವು.