ಇನ್ನೆರಡು ತಾಸಿನ ಪಾಠ

ಬೆಳಗಿನ ಎಂಟು ಗಂಟೆ. ಮೈಲಾರಪ್ಪ ವಿಮಾನ ಹಾರಿಸಲು ಒಪ್ಪಲಿಲ್ಲ.

ಅದು 1965ರ ಫೆಬ್ರುವರಿಯ ಒಂದು ಸೋಮವಾರ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪನವರು ಬೈರಿದೇವರಕೊಪ್ಪದ ಆಚೆಗಿನ ತಮ್ಮ ಕೆಂಪು ಮಣ್ಣಿನ ಮಸಾರಿ ಹೊಲವನ್ನು ಸಮತಟ್ಟು ಮಾಡಿಸಿ, ವಿಮಾನ ಇಳಿಯಲು ಮೂರು ಸಾವಿರ ಅಡಿ ಉದ್ದದ ಪಟ್ಟಿ ಹಾಕಿಸಿದ್ದರು. ಪಟ್ಟಿಯ ತುದಿಯಲ್ಲಿ ನಾಲ್ಕು ಆಸನದ ವಿಮಾನ ನಿಂತಿತ್ತು. ಮೂತಿಗೆ ವಿಭೂತಿ ಬಳಿದಾಗಿತ್ತು. ಗಾಲಿಯ ಮುಂದೆ ಕಾಯಿ ಒಡೆದಾಗಿತ್ತು. ಅಯ್ಯನವರು ಕೊಟ್ಟ ಮುಹೂರ್ತ ಎಂಟೂಕಾಲಿಗೆ. ಬೀಗರು, ವ್ಯಾಪಾರಿಗಳು ಸೇರಿ ನಲವತ್ತು ಮಂದಿ ನೋಡಲು ಬಂದಿದ್ದರು.

"ಸಾವ್ಕಾರ್ರ, ಇವತ್ತು ಆಗಂಗಿಲ್ರಿ," ಎಂದ ಅವರ ಹೊಸ ಪೈಲಟ್ ಮೈಲಾರಪ್ಪ.

"ಯಾಕಪಾ? ಎಂಜಿನ್ ಕೆಟ್ಟೈತೇನು?"

"ಎಂಜಿನ್ ಛಲೋ ಐತ್ರಿ. ನಾ ಇನ್ನೂ ತಯಾರಿಲ್ರಿ."

ಸಿದ್ದಲಿಂಗಪ್ಪನವರು ಜನರ ಕಡೆ ಒಮ್ಮೆ ನೋಡಿದರು. "ನಿನಗ ಲೈಸೆನ್ಸ್ ಐತಲ್ಲ?"

"ಐತ್ರಿ. ಕಲಿಯೂ ಸಣ್ಣ ವಿಮಾನ ಪುಷ್ಪಕದಾಗ ಇನ್ನೂರಾ ಮೂವತ್ತು ತಾಸು ಹಾರ್ಸೇನಿ. ಇದರಾಗ ಒಂದು ತಾಸೂ ಹಾರ್ಸಿಲ್ಲ. ಕಲಿಸೋ ಸಾಹೇಬ್ರು ಗುರುವಾರ ಬರ್ತಾರ. ಅವರ ಮಗ್ಗಲಾಗ ಕುಂತು ಹತ್ತು ತಾಸು ಹಾರಿಸಿದ ಮ್ಯಾಲೆ ನಿಮ್ಮನ್ನ ಕುಂದ್ರಿಸ್ಕೋತೇನ್ರಿ."

ಹಿಂದೆ ನಿಂತಿದ್ದ ಬೀಗರೊಬ್ಬರು ಎಲೆ ಅಡಿಕೆ ಮೆಲ್ಲುತ್ತಲೇ ಹೇಳಿದರು: "ಬಿಡ್ರಿ ಸಾವ್ಕಾರ್ರ. ಎಲ್ಲಾ ಕೆಲಸಾ ಎಲ್ಲಾರಿಗೂ ಬರಂಗಿಲ್ಲ."

ಮೈಲಾರಪ್ಪನ ತಂದೆ ಹನುಮಪ್ಪ ಅಲ್ಲೇ ನಿಂತಿದ್ದರು. ಅವರು ಧಾರವಾಡದಲ್ಲಿ ಸಾಲೆಯ ಮಾಸ್ತರು. ಆ ಮಾತಿನ ಧಾಟಿ ಅವರಿಗೆ ಹೊಸದಲ್ಲ. ಹುಡುಗರಾಗಿದ್ದಾಗ ಅವರು ಸಾಲೆಯ ಹೊರಗಟ್ಟೆಯ ಮೇಲೆ ಕುಳಿತು ಅಕ್ಷರ ಕಲಿತವರು. ಒಳಗೆ ಕುಳಿತವರು ಆಡುತ್ತಿದ್ದುದೂ ಇದೇ ಮಾತು. ಊರು ಹೊರಗಿಟ್ಟ ಕೇರಿಯಿಂದ ಬಂದ ಅವರ ಮಗ ಇಂದು ಪೈಲಟ್. ಆದರೆ ನಲವತ್ತು ಮಂದಿಯ ಮುಂದೆ ಅವನೇ 'ತಯಾರಿಲ್ಲ' ಎಂದುಬಿಟ್ಟಿದ್ದ.

ಸಿದ್ದಲಿಂಗಪ್ಪನವರು ಸಿಟ್ಟಾಗಲಿಲ್ಲ. ಆದರೆ ಮಾತು ಖಡಕ್ಕಾಗಿಯೇ ಬಂತು. "ಯುಗಾದಿಗೆ ನಾ ಮುಂಬಯಿಗೆ ಹೋಗಬೇಕು. ಅಷ್ಟರಾಗ ನಿನ್ನ ಕೈಲೆ ಆಗಲಿಲ್ಲಂದ್ರ ಬ್ಯಾರೆ ಪೈಲಟ್ ನೋಡ್ಕೋತೇನಿ."

ತಂದೆ ಮಗ ಧಾರವಾಡದ ಬಸ್ಸು ಹತ್ತಿದರು.

ಮನೆಯಲ್ಲಿ ತಾಯಿ ಮುದಕವ್ವ ರೊಟ್ಟಿ ಬಡಿಯುತ್ತಿದ್ದಳು. ಹನುಮಪ್ಪ ಕೋಟು ಬಿಚ್ಚುವ ಮೊದಲೇ ಶುರು ಮಾಡಿದರು.

"ಅಷ್ಟು ಮಂದಿ ಮುಂದ ನನಗ ಬರಂಗಿಲ್ಲ ಅಂದೆಲ್ಲೋ. ಬ್ಯಾರೆಯವ್ರು ಅಂದ್ರ ನಡೀತೈತಿ. ನಾವು ಅಂದ್ರ ಅದನ್ನ ಹಿಡ್ಕೊಂಡು ಕುಂದರ್ತಾರ. ನಮ್ಮ ಕೇರ್ಯಾಗಿನ ಇನ್ನೊಬ್ಬ ಹುಡುಗಗ ನಾಳೆ ಯಾರು ಕೆಲಸಾ ಕೊಡ್ತಾರ?"

"ಬರಂಗಿಲ್ಲ ಅಂದಿಲ್ಲಪಾ. ಇನ್ನೂ ಕಲ್ತಿಲ್ಲ ಅಂದೆ."

"ಎರಡಕ್ಕೂ ಏನು ಫರಕ್?"

ರೊಟ್ಟಿ ಬಡಿಯುವ ಸದ್ದು ನಿಂತಿತು. "ಫರಕ್ ನಿಮಗ ಗೊತ್ತಿಲ್ಲೇನ್ರಿ ಮಾಸ್ತರ?" ಎಂದಳು ಮುದಕವ್ವ. "ನೀವು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷಾ ಪಾಸಾಗಿ ಮೊದಲನೇ ದಿನಾ ಬಿನ್ನಿಯತ್ತೆಯ ಸಣ್ಣ ಹುಡುಗ್ರಿಗೆ ಕಲಸಾಕ ಹೋದಾಗ ಏನಾತು, ನಾ ಹೇಳ್ಲ್ಯಾ?"

"ಬ್ಯಾಡ ಬಿಡು."

"ಹೇಳ್ತೇನಿ. ಸಣ್ಣ ಹುಡುಗ್ರು ಅರ್ಧಕ್ಕರ್ಧ ಕಿಡಕಿ ಜಿಗದು ಓಡಿ ಹೋಗಿದ್ವು. ಉಳಿದವು ಅಳಾಕತ್ತಿದ್ವು. ಆಮ್ಯಾಲೆ ಹೆಡ್‌ಮಾಸ್ತರು ಹದಿನೈದು ದಿನಾ ಹಿಂದ ಕುಂತು ನಿಮ್ಮ ಪಾಠಾ ಕೇಳಿ ತಿದ್ದಿದ್ರು. ಮುಲ್ಕಿ ಪಾಸಾಗಿದ್ದು ಸುಳ್ಳಿತ್ತೇನು? ಇಲ್ಲ. ಕಲಸೂದು ಬ್ಯಾರೆ ಇತ್ತು, ಕಲ್ತ್ರಿ."

ಹನುಮಪ್ಪ ರೊಟ್ಟಿ ಮುರಿದರು. ಆದರೆ ಮನಸ್ಸಿನ ಮುಳ್ಳು ಹೋಗಿರಲಿಲ್ಲ.

ಗುರುವಾರ ಬೆಳಿಗ್ಗೆ ಕಲಿಸುವ ಸಾಹೇಬರು ವೆಂಕಣ್ಣ ನೇರವಾಗಿ ಮನೆಗೇ ಬಂದರು. ವಿಮಾನಪಡೆಯಲ್ಲಿ ಹದಿನಾಲ್ಕು ವರ್ಷ ಹಾರಾಟ ಕಲಿಸಿ ನಿವೃತ್ತರಾದವರು. ಮುಂಬಯಿಯಿಂದ ಈ ವಿಮಾನವನ್ನು ತಂದು ಇಳಿಸಿದವರೂ ಅವರೇ. ಚಾಪೆಯ ಮೇಲೆ ಕುಳಿತು ಮುದಕವ್ವ ಕೊಟ್ಟ ಚಹಾ ಕುಡಿದು, ಇನ್ನರ್ಧ ಕಪ್ಪು ಕೇಳಿ ಹಾಕಿಸಿಕೊಂಡರು.

ಹನುಮಪ್ಪ ತಡೆಯಲಾರದೆ ಕೇಳಿದರು. "ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಒಂದು ಸೈಕಲ್ ಹೊಡಿಯಾಕ ಬಂದ್ರ ಎಲ್ಲಾ ಸೈಕಲ್ ಬರತಾವು. ವಿಮಾನಕ್ಕ ಯಾಕ ಮತ್ತ ಹತ್ತು ತಾಸು?"

"ಎರಡೂ ಸೈಕಲ್ ಆಗಿದ್ರ ನಿಮ್ಮ ಮಾತು ಖರೇ ಮಾಸ್ತರ," ಎಂದರು ವೆಂಕಣ್ಣ. "ಪುಷ್ಪಕ ಸೈಕಲ್. ಇದು ಫಟಫಟಿ ಅದ. ಪುಷ್ಪಕದಾಗ ಧಾರವಾಡದಿಂದ ಹುಬ್ಬಳ್ಳಿಗೆ ಹತ್ತು ನಿಮಿಷ. ಇದರಾಗ ಐದು ನಿಮಿಷನೂ ಬ್ಯಾಡ. ಅದರಾಗ ಊರು ಕಂಡ ಮ್ಯಾಲೆ ವಿಚಾರ ಮಾಡ್ಲಿಕ್ಕೆ ವ್ಯಾಳ್ಯಾ ಇರತದ. ಇದರಾಗ ವಿಚಾರ ಮುಗಿಯೂದರಾಗ ಊರು ಹಿಂದ ಉಳದಿರತದ."

ಆಮೇಲೆ ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಪುಷ್ಪಕದ ಎಂಜಿನ್ನಿಗೆ ತೊಂಬತ್ತು ಅಶ್ವಶಕ್ತಿ, ಇದಕ್ಕೆ ಇನ್ನೂರಿಪ್ಪತ್ತೈದು. ಅದರ ಮೂತಿಯ ಪಂಖದ ಅಲಗು ಒಂದೇ ಕೋನದಲ್ಲಿ ನಿಂತಿರುತ್ತದೆ. ಇದರ ಅಲಗಿನ ಕೋನವನ್ನು ಹತ್ತುವಾಗ, ಸಾಗುವಾಗ, ಇಳಿಯುವಾಗ ಪೈಲಟ್ ಬದಲಾಯಿಸಬೇಕು. ಇಬ್ಬರು ಕುಳಿತಾಗ ಇದರ ನಡತೆ ಒಂದು, ನಾಲ್ವರು ಕುಳಿತಾಗ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಲಿ. ಪುಷ್ಪಕದ ಗಾಲಿ ಸದಾ ಕೆಳಗೇ ಇರುತ್ತದೆ. ಈ ವಿಮಾನ ಹಾರಿದ ಮೇಲೆ ಗಾಲಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಇಳಿಯುವ ಮುಂಚೆ ಪೈಲಟ್ಟೇ ನೆನಪಿಟ್ಟು ಅದನ್ನು ಕೆಳಗಿಳಿಸಬೇಕು.

"ಇನ್ನೂರಾ ಮೂವತ್ತು ತಾಸು ಗಾಲಿಯ ವಿಚಾರನಽ ಮಾಡದ ಕೈ ಇದು," ಎಂದು ವೆಂಕಣ್ಣ ಮೈಲಾರಪ್ಪನ ಮುಂಗೈ ತಟ್ಟಿದರು. "ಬುದ್ಧಿಗೆ ತಿಳೀತದ ಮಾಸ್ತರ. ಕೈಗೆ ತಿಳೀಲಿಕ್ಕೆ ದಿನಾ ಹಿಡೀತದ. ನೀವೂ ಬರ್ರಿ. ನಿಮಗೊಂದು ಕೆಲಸ ಅದ."

ಕೆಲಸ ಏನೆಂದರೆ ಮಗನಿಗೆ ಪರೀಕ್ಷೆ ನಡೆಸುವುದು. ಮೊದಲ ದಿನ ವಿಮಾನ ನೆಲ ಬಿಡಲಿಲ್ಲ. ಮೈಲಾರಪ್ಪನ ಕಣ್ಣಿಗೆ ಟವಲು ಕಟ್ಟಿ ಕೂರಿಸಿದರು. ಹನುಮಪ್ಪ ಚಾಳೀಸು ಕನ್ನಡಕ ಏರಿಸಿ, ವೆಂಕಣ್ಣ ಬರೆದುಕೊಟ್ಟ ಚೀಟಿ ನೋಡಿ ಒಂದೊಂದೇ ಕೇಳುವುದು. ಮಗ ಕಣ್ಣಿಲ್ಲದೆ ಆಯಾ ಗುಂಡಿ, ಆಯಾ ಹಿಡಿಕೆ ಮುಟ್ಟುವುದು. ಮೂವತ್ತೊಂದು ಹೆಸರು. ಮೊದಲ ಸಲ ಒಂಬತ್ತು ತಪ್ಪಿದವು.

"ಇಪ್ಪತ್ತೆರಡು ಮಾರ್ಕು. ಮತ್ತೊಮ್ಮೆ," ಎಂದರು ಮಾಸ್ತರು. ಐದನೆಯ ಸಲಕ್ಕೆ ಒಂದೂ ತಪ್ಪಲಿಲ್ಲ. ಆದರೂ ಆರನೆಯ ಸಲ ಕೇಳಿದರು.

ಶುಕ್ರವಾರದಿಂದ ಹಾರಾಟ. ಬಲಗಡೆ ವೆಂಕಣ್ಣ, ಎಡಗಡೆ ಮೈಲಾರಪ್ಪ. ದಿನಕ್ಕೆ ಒಂದೇ ತಾಸು. ಹನುಮಪ್ಪ ಸಾಲೆಗೆ ಎಂಟು ದಿನ ರಜೆ ಹಾಕಿ ದಿನಾಲು ಬಂದು ಪಟ್ಟಿಯ ಬದಿಯ ಬೇವಿನ ಗಿಡದ ಕೆಳಗೆ ನಿಂತರು.

ಏಳನೆಯ ತಾಸಿನಲ್ಲಿ ಅದು ಆಯಿತು.

ಹತ್ತಿಯ ಸುಗ್ಗಿ. ವಿಮಾನ ಇಳಿಯಲು ಬರುತ್ತಿದ್ದಾಗ ಹತ್ತಿ ತುಂಬಿದ ಅಂಡಿಗೆ ಹೇರಿದ ಬಂಡಿಯೊಂದು ಪಟ್ಟಿಗೆ ಅಡ್ಡ ಬಂತು. ಮೈಲಾರಪ್ಪ ಸರಿಯಾಗಿಯೇ ಮಾಡಿದ. ಎಂಜಿನ್ ಜೋರು ಮಾಡಿ ಮೇಲಕ್ಕೆತ್ತಿದ, ಗಾಲಿ ಒಳಗೆಳೆದುಕೊಂಡ, ಸುತ್ತು ಹಾಕಿ ಮತ್ತೆ ಬಂದ. ಬಂಡಿಯವನು ಎತ್ತುಗಳನ್ನು ಹೊಡೆದು ಪಟ್ಟಿ ದಾಟಿಸುತ್ತಿದ್ದ. ಮೈಲಾರಪ್ಪನ ಕಣ್ಣು ಆ ಬಂಡಿಯ ಮೇಲೇ ಇತ್ತು.

ಗಿಡದ ಕೆಳಗಿದ್ದ ಹನುಮಪ್ಪ ತಲೆ ಎತ್ತಿ ನೋಡಿದರು. ವಿಮಾನ ನೇರವಾಗಿ ಬರುತ್ತಿತ್ತು, ನಿಧಾನವಾಗಿಯೂ ಬರುತ್ತಿತ್ತು. ಅದರ ಹೊಟ್ಟೆ ಮಾತ್ರ ನುಣ್ಣಗಿತ್ತು. ಗಾಲಿ ಇರಲಿಲ್ಲ.

ಅವರ ಕೈಯಲ್ಲಿ ಚೀಟಿ ಇತ್ತು. ಕೂಗಿದರೆ ಕೇಳುವ ದೂರವಲ್ಲ. ವಿಮಾನ ನೆಲದಿಂದ ನೂರೈವತ್ತು ಅಡಿ ಮೇಲಿದ್ದಿರಬೇಕು. ಒಮ್ಮೆಲೇ ಎಂಜಿನ್ ಗುಡುಗಿ ವಿಮಾನ ಮೇಲೆದ್ದು ಅವರ ತಲೆಯ ಮೇಲೇ ಹಾದುಹೋಯಿತು. ಮೂರನೆಯ ಸಲ ಬಂದಾಗ ಗಾಲಿ ಕೆಳಗಿತ್ತು.

ಇಳಿದ ಮಗನ ಮುಖದಲ್ಲಿ ರಕ್ತವಿರಲಿಲ್ಲ. "ನಾ ಮರತೆ ಅಪ್ಪಾ," ಎಂದ. "ಸಾಹೇಬ್ರು ಮ್ಯಾಲೆ ಒಯ್ಯಿ ಅಂದ್ರು. ಅವರು ಇರದಿದ್ರ..."

"ಮರೀಲಿಕ್ಕೇ ಬಂದೇವಿ," ಎಂದರು ವೆಂಕಣ್ಣ, ಬೀಡಿ ಹೊತ್ತಿಸುತ್ತ. "ಇಲ್ಲೆ ಮರತ್ರ ಮಗ್ಗಲಾಗ ನಾ ಇದ್ದೇನಿ. ಆ ಸೋಮವಾರ ಮರತಿದ್ರ ಮಗ್ಗಲಾಗ ಸಾವ್ಕಾರರು, ಹಿಂದ ಅವರ ಮನೀಯವರು ಮತ್ತ ಬೀಗರು ಇರ್ತಿದ್ರು. ಒಬ್ಬರಿಗೂ ಗಾಲಿಯ ಗುಂಡಿ ಯಾವುದಂತ ಗೊತ್ತಿಲ್ಲ."

ಹನುಮಪ್ಪ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟರು. ಸೋಮವಾರ ಮಗ ಅವಮಾನ ಮಾಡಿದನೆಂದು ಅವರು ತಿಳಿದಿದ್ದರು. ಆ ದಿನ ಅವನು ನಾಲ್ಕು ಜೀವ ಉಳಿಸಿದ್ದ. ಅದೂ ನಲವತ್ತು ಮಂದಿಯ ಎದುರು, ತಂದೆಯ ಮುಖ ಕಪ್ಪಿಟ್ಟದ್ದು ಕಂಡೂ ಮಾತು ಬದಲಿಸದೆ. ಅವರ ಎದೆ ಮೊದಲ ಸಲ ನಿಜವಾಗಿ ತುಂಬಿ ಬಂತು.

"ಸಾಹೇಬ್ರ," ಎಂದರು ಅವರು. "ಹತ್ತು ತಾಸು ಸಾಲಂಗಿಲ್ಲ. ಇನ್ನೆರಡು ತಾಸು ಹೆಚ್ಚಿಗಿ ಕಲಸ್ರಿ. ಸಾವ್ಕಾರರಿಗೆ ನಾನಽ ಹೇಳ್ತೇನಿ."

ಅವರೇ ಹೋಗಿ ಹೇಳಿದರು. ಮಗ ಮರೆತದ್ದನ್ನೂ ಮುಚ್ಚಿಡಲಿಲ್ಲ. ಸಿದ್ದಲಿಂಗಪ್ಪನವರು ಗಾದಿಯ ಮೇಲೆ ಕುಳಿತು ಎಲ್ಲ ಕೇಳಿದರು. ಕೊನೆಗೆ, "ಮಾಸ್ತರ, ಎರಡಲ್ಲ, ನಾಕು ತಾಸು ಬೇಕಂದ್ರೂ ಆಗಲಿ. ಆ ದಿನಾ ನಾ ಸುಮ್ಮನ ಮುಹೂರ್ತ ಮುಹೂರ್ತ ಅಂತ ಕುಂತಿದ್ದೆ," ಎಂದರು.

ಹನ್ನೆರಡು ತಾಸು ಮುಗಿದ ಮೇಲೆ ವೆಂಕಣ್ಣ ಹಾರಾಟದ ಪುಸ್ತಕದಲ್ಲಿ ಸಹಿ ಹಾಕಿದರು. ಮಾರ್ಚ್ ಎರಡನೆಯ ವಾರ ಸಿದ್ದಲಿಂಗಪ್ಪನವರು ವಿಮಾನದ ಬಾಗಿಲ ಹತ್ತಿರ ಬಂದು ನಿಂತರು, ಹತ್ತಲಿಲ್ಲ.

"ಮಾಸ್ತರ, ಮೊದಲು ನೀವು ಹತ್ರಿ. ನೀವು ಹತ್ತಿದ್ರ ನಾನೂ ಹತ್ತತೇನಿ."

"ಹೆದರಬ್ಯಾಡ್ರಿ ಸಾವ್ಕಾರ್ರ. ನನ್ನ ಮಗ ಇನ್ನೂ ಕಲಿಯಾಕತ್ತಾನ," ಎಂದರು ಹನುಮಪ್ಪ, ಸುತ್ತ ನಿಂತವರಿಗೆಲ್ಲ ಕೇಳುವಂತೆ. "ಕಲ್ತು ಮುಗೀತು ಅನ್ನಾವನ ವಿಮಾನ ನಾನೂ ಹತ್ತಂಗಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಇಬ್ಬರೂ ಹತ್ತಿದರು.

ಓದುಗರೇ, ನಮ್ಮಲ್ಲಿ ವಿಮಾನ ಹಾರಿಸುವವರು ಬೆರಳೆಣಿಕೆಯವರು. ಆದರೆ ಹೊಸ ಯಂತ್ರ ಎಲ್ಲರ ಬಾಗಿಲಿಗೂ ಬರುತ್ತಿದೆ. ಬಾವಿಗೆ ಕರೆಂಟಿನ ಪಂಪು ಬಂದಿದೆ, ಗಿರಣಿಗೆ ಹೊಸ ಮೋಟಾರು ಬಂದಿದೆ, ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತಿದೆ. ಹಳೆಯದು ಬಂದವನಿಗೆ ಹೊಸದು ತಾನೇ ಬರುತ್ತದೆ ಎಂದು ನಂಬಬೇಡಿ. ಬಲ್ಲವರನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕಲಿಯಿರಿ. ಯಂತ್ರ ತೋರಿಸಲು ಬಂದವನಿಗೆ ಚಹಾ ಕೊಟ್ಟು ಕಳಿಸುವ ಮೊದಲು ನಿಮ್ಮ ಕೈಯಿಂದಲೇ ಹತ್ತು ಸಲ ಮಾಡಿ ತೋರಿಸಿ, ತಪ್ಪು ತಿದ್ದಿಸಿಕೊಳ್ಳಿ. ನಿಮ್ಮ ಮನೆಯ ಹುಡುಗ 'ನಾನಿನ್ನೂ ಕಲಿತಿಲ್ಲ' ಎಂದರೆ ಗದರಬೇಡಿ. ಆ ಮಾತಿಗೆ ಧೈರ್ಯ ಬೇಕು.

ಆ ವರ್ಷ ಜೂನ್‌ನಲ್ಲಿ ಸಿದ್ದಲಿಂಗಪ್ಪನವರು ಟ್ರ್ಯಾಕ್ಟರ್ ಕೊಂಡರು. ಚಾಲಕನಿಗೆ ಎಂಟು ದಿನ ಪಾಠವಾದ ಮೇಲೆ ಅದು ಹೊಲಕ್ಕೆ ಇಳಿಯಿತು.