ಮೂವತ್ತರಲ್ಲಿ ಬಿಟ್ಟುಹೋದದ್ದು

ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಗೆ ಅರ್ಜಿ ಹಾಕುವವರ ಕೈಗೆ ಮೂವತ್ತು ಸಿಗ್ನಲ್ ಕೊಡುತ್ತಾರೆ. ‘ನಿಮ್ಮಲ್ಲಿಗೆ ಬರಲು ನನಗೆ ನಿಜವಾಗಿ ಮನಸ್ಸಿದೆ’ ಎಂದು ಮೂವತ್ತು ಆಸ್ಪತ್ರೆಗಳಿಗೆ ಹೇಳಬಹುದು, ಅಷ್ಟೇ. ಒಮಾಹಾ ಊರಿನ ವೈದ್ಯಕೀಯ ವಿದ್ಯಾರ್ಥಿ ಟಕರ್ ನೊವೊಟ್ನಿ ಮೂವತ್ತನ್ನೂ ಪರವೂರುಗಳಿಗೆ ಹಂಚಿದ. ನಾಲ್ಕು ವರ್ಷ ಓದಿದ ತನ್ನದೇ ಆಸ್ಪತ್ರೆಗೆ ಒಂದನ್ನೂ ಉಳಿಸಲಿಲ್ಲ. ಮನೆಯವರಿಗೆ ಯಾರಾದರೂ ಲಗ್ನಪತ್ರಿಕೆ ಕೊಡುತ್ತಾರೆಯೇ ಎಂಬುದು ಅವನ ವಾದ. ಹುಡುಗ ಜಾಣ, ಜಾಣತನವೇ ಅವನಿಗೆ ಕೈಕೊಟ್ಟಿತು.

ಸಂದರ್ಶನದ ಕರೆಗಳು ಹೊರಟ ದಿನ ಅವನ ಫೋನು ನಾಲ್ಕು ಸಲ ಗುಂಯ್‌ಗುಟ್ಟಿತು. ಬಾಸ್ಟನ್ ಕೂಡ ಕರೆದಿತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಒಮಾಹಾ ಒಂದೇ. ಮಧ್ಯಾಹ್ನವಾದರೂ ಅಲ್ಲಿಂದ ಸುದ್ದಿಯಿಲ್ಲ. ಅರ್ಜಿಗಳನ್ನು ನೋಡಿಕೊಳ್ಳುವ ಲವೆರ್ನ್‌ಳ ಕಚೇರಿಗೆ ಓಡಿದ.

"ಏನಪ್ಪಾ, ಈಗ ನೆನಪಾದ್ವಾ ನಾವು?" ಎಂದಳು ಅವಳು. "ಸಿಗ್ನಲ್ ಇಲ್ದಿರೋ ಅರ್ಜಿನ ಇಲ್ಲಿ ತೆಗೆದೂ ನೋಡಲ್ಲ. ಆರುನೂರು ಬಂದಿವೆ ಕಣೋ."

"ನಾನು ಇಲ್ಲಿಯವನೇ ಅಲ್ವಾ ಲವೆರ್ನ್!"

"ಅದನ್ನ ನೀನು ಹೇಳ್ಬೇಕಿತ್ತು. ಸಿಗ್ನಲ್ ಕೊಟ್ಟೋರ ಪಟ್ಟೀಲಿ ಡಾಕ್ಟರ್ ಪ್ರೂಯಿಟ್ ಮೂರು ಸಲ ನಿನ್ನ ಹೆಸರು ಹುಡುಕಿಸಿದ್ರು, ಪಾಪ. ಹೋಗು, ಅವರ ಹತ್ರನೇ ಬಾಯಿಬಿಡು."

ವಿಭಾಗದ ಮುಖ್ಯಸ್ಥೆ ಪ್ರೂಯಿಟ್ ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಬಾಸ್ಟನ್‌ಗೆ ಹೊರಟ್ಯಂತೆ. ಒಳ್ಳೇದಾಯ್ತು ಬಿಡು."

"ತಪ್ಪಾಯ್ತು ಡಾಕ್ಟರ್. ನಿಮಗೆ ಗೊತ್ತೇ ಇರುತ್ತೆ, ಹೇಳೋದೇನಿದೆ ಅಂದ್ಕೊಂಡೆ."

"ನನ್ನ ಮೊದಲನೇ ಗಂಡನೂ ಹಾಗೇ ಅಂದ್ಕೊಂಡಿದ್ದ."

ನಗಬೇಕೋ ಅಳಬೇಕೋ ಟಕರ್‌ಗೆ ತಿಳಿಯಲಿಲ್ಲ. "ನಂಗೆ ಇಲ್ಲೇ ಬೇಕು ಡಾಕ್ಟರ್. ನಿಮ್ಮ ಕೈಕೆಳಗೇ ಕಲೀಬೇಕು," ಎಂದುಬಿಟ್ಟ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಪ್ರೂಯಿಟ್ ನಿಧಾನವಾಗಿ ಕೈ ಒರೆಸಿಕೊಂಡರು. "ನಿನಗೋಸ್ಕರ ಯಾರನ್ನೂ ತೆಗೆದುಹಾಕಲ್ಲ. ಕಾಯೋರ ಪಟ್ಟಿ ಅಂತ ಒಂದಿದೆ, ಬೇಕಾದ್ರೆ ಅದರ ಕೊನೇಲಿ ನಿಂತ್ಕೋ."

ನಿಂತ. ಹನ್ನೊಂದು ದಿನ ಊಟ ರುಚಿಸಲಿಲ್ಲ. ಹನ್ನೆರಡನೆಯ ದಿನ ಲವೆರ್ನ್ ಫೋನು ಮಾಡಿ, ಸಂದರ್ಶನಕ್ಕೆ ಕರೆದವರಲ್ಲಿ ಯಾರೋ ಬರುವುದಿಲ್ಲವಂತೆ, ಗುರುವಾರ ಬೆಳಿಗ್ಗೆ ಏಳಕ್ಕೆ ಟೈ ಕಟ್ಟಿಕೊಂಡು ಬಾ ಎಂದಳು.

ಗುರುವಾರ ಐವರು ವೈದ್ಯರು ಸಾಲಾಗಿ ಕುಳಿತಿದ್ದರು. ಪ್ರೂಯಿಟ್ ಅವನನ್ನು ಕಂಡೇ ಇಲ್ಲದವರಂತೆ ಕೇಳಿದರು, "ನಮ್ಮ ಆಸ್ಪತ್ರೆಯೇ ಯಾಕೆ ಬೇಕು ನಿಮಗೆ?"

ಮೂವತ್ತು ಆಸ್ಪತ್ರೆಗಳಿಗೆ ಉತ್ತರ ಬಾಯಿಪಾಠ ಮಾಡಿದ್ದವನ ಬಳಿ ಇದಕ್ಕೆ ಸಿದ್ಧ ಮಾತೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಾಲದೆನಿಸಿ ಇನ್ನೊಮ್ಮೆ ಹೇಳಿದ.

"ಗೊತ್ತಿತ್ತು," ಎಂದರು ಪ್ರೂಯಿಟ್. "ಆದ್ರೂ ಕೇಳೋಕೆ ಚೆನ್ನಾಗಿರುತ್ತೆ."